ಹೊಸದಾಗಿ ಆಪರೇಷನ್ ಆದವರಿಗೆ ಹಳಬರನ್ನ ಭೇಟಿ ಮಾಡಸ್ರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಹೋದ ವಾರ ನಿಮ್ಮ ಪೇಪರಿನ್ಯಾಗ ತೂಕ ಇಳಿಸೋ ಆಪರೇಷನ್ ಬಗ್ಗೆ ಬಂದ ಲೇಖನ ಎರಡೆರಡು ಸಲ ಓದಿದ್ನಿ. ಯಾರು ಮಾಡಿಸ್ಕೋಬಹುದು, ಸಣ್ಣ ತೂತು ಕೊರದು ಹೆಂಗ ಮಾಡ್ತಾರ, ಶುಗರ್ ಹೆಂಗ ಇಳೀತೈತಿ, ಎಲ್ಲಾ ಚಲೋ ಬರದಿದ್ರು. ಆದ್ರ ಆಪರೇಷನ್ ಆಗಿ ಮನಿಗೆ ಬಂದ ಹೆಣ್ಮಗಳು ಒಂಬತ್ತನೇ ದಿನ ಮುಂಜಾನೆ ಅಡಗಿಮನ್ಯಾಗ ನಿಂತು ಈಗ ನಾ ಏನು ತಿನ್ಲಿ ಅಂತ ಅಳೂದು ಅದ್ರಾಗ ಇರಲಿಲ್ಲ, ಅದಕ್ಕ ಈ ಪತ್ರ ಬರಿಯಾಕತ್ತೀನಿ, ಉದ್ದ ಆದ್ರ ಕ್ಷಮಿಸ್ರಿ.

ನಾ ಗದಗ-ಬೆಟಗೇರಿಯಾಗ ಹೈಸ್ಕೂಲ್ ಟೀಚರ್ ಅದೀನಿ, ವಯಸ್ಸು 46. ಎರಡೂವರಿ ವರ್ಷದ ಹಿಂದ ನನ್ನ ತೂಕ 118 ಕೆಜಿ ಇತ್ತು, ಎತ್ತರ ಐದು ಅಡಿ ಎರಡು ಇಂಚು, ಅಂದ್ರ ಬಿಎಂಐ (ಎತ್ತರಕ್ಕ ತೂಕ ಎಷ್ಟೈತಿ ಅನ್ನೋ ಲೆಕ್ಕ) 48ರ ಹತ್ರ. ಹನ್ನೊಂದು ವರ್ಷದ ಶುಗರ್, ಮ್ಯಾಲೆ ಬಿಪಿ, ರಾತ್ರಿ ಮಲಗಿದ್ರ ಉಸಿರು ಕಟ್ಟಿ ಎದ್ದು ಕೂಡೂದು, ಬೋರ್ಡ್ ಮುಂದ ಒಂದು ಪಿರಿಯಡ್ ನಿಂತ್ರ ಸಾಕು ಮೊಣಕಾಲು ಹಿಡ್ಕೊಂಡು ಬಿಡ್ತಿದ್ವು. ಹುಬ್ಬಳ್ಳಿಯ ಒಂದು ದವಾಖಾನ್ಯಾಗ ಸ್ಲೀವ್ ಆಪರೇಷನ್ ಮಾಡಿಸ್ಕೊಂಡ್ನಿ. ಅದ್ರಾಗ ಹೊಟ್ಟಿಯ 75 ರಿಂದ 80 ಪರ್ಸೆಂಟ್ ಭಾಗ ತಗದು ಬಾಳಿಹಣ್ಣಿನ ಆಕಾರದ ಒಂದು ಸಣ್ಣ ಕೊಳವಿ ಅಷ್ಟ ಉಳಸ್ತಾರ. ಈಗ 82 ಕೆಜಿ ಅದೀನಿ. ಸರ್ಜನ್ ಕೈ ಭಾಳ ಚಲೋ ಇತ್ತು, ಗಾಯ ಲಗೂನ ಮಾಯ್ದ್ವು, ಅದ್ರ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ತ್ರಾಸ ಶುರು ಆಗಿದ್ದು ಡಿಸ್ಚಾರ್ಜ್ ಆದ ಮ್ಯಾಲೆ. ಮೂರನೇ ದಿನ ಮನಿಗೆ ಕಳಿಸಿದ್ರು, ಕೈಯಾಗ ಇಂಗ್ಲಿಷಿನ ಒಂದು ಜೆರಾಕ್ಸ್ ಹಾಳಿ ಕೊಟ್ರು. ಅದ್ರಾಗ ಬ್ರೊಕೊಲಿ, ಟೋಫು, ನುಣ್ಣಗ ಅರದ ಟರ್ಕಿ ಕೋಳಿ ಅಂತ ಇತ್ತು. ನಮ್ಮದು ಮೊಟ್ಟಿ ಸೈತ ಮುಟ್ಟದ ಮನಿ. ನಮ್ಮ ಮನಿಯವರು ಆ ಹಾಳಿ ಹಿಡ್ಕೊಂಡು ಬೆಟಗೇರಿ ಸಂತ್ಯಾಗೆಲ್ಲಾ ಬ್ರೊಕೊಲಿ ಹುಡುಕಿದ್ರು, ಸಿಗಲಿಲ್ಲ. ದವಾಖಾನಿಗೆ ಫೋನ್ ಹಚ್ಚಿದ್ರ ಚಾರ್ಟ್ ಫಾಲೋ ಮಾಡ್ರಿ ಅಂತಂದು ಇಟ್ಟುಬಿಡ್ತಿದ್ರು, ಅವರಿಗೂ ಪೇಶಂಟ್ ಭಾಳ ಇರ್ತಾರ ಖರೆ, ಆದ್ರ ಹೊಟ್ಟಿ ಕೊಯ್ಸ್ಕೊಂಡು ಕುಂತವರಿಗೆ ಆ ಮಾತು ಎಷ್ಟು ದೂರದ್ದು ಅನಸ್ತೈತಿ ಅಂತ ಹೇಳಾಕ ಆಗೂದಿಲ್ಲ.

ಒಂಬತ್ತನೇ ದಿನ ಮುಂಜಾನೆ ಬಾಯಿ ಒಣಗಿತ್ತು ಅಂತ ಮೊದ್ಲಿನ ರೂಢಿ ಪ್ರಕಾರ ಚರಿಗಿ ಎತ್ತಿ ಎರಡು ಗುಟುಕು ನೀರು ಗಟಗಟ ಕುಡದುಬಿಟ್ಟೆ. ಎದಿ ನಟ್ಟನಡು ಯಾರೋ ಕಲ್ಲು ಇಟ್ಟಂಗ ಆತು, ಬೆನ್ನಿಗೆ ಹೊಕ್ಕಿತು ನೋವು, ಬಾಯಿ ತುಂಬ ಬುರುಗು ಜೊಲ್ಲು. ಹಾರ್ಟ್ ಅಟ್ಯಾಕ್ ಅಂತ ತಿಳದು ನಮ್ಮ ಅತ್ತಿ ಕೈಕಾಲು ಬಿಟ್ಟು ಅಳಾಕ ಹತ್ತಿದ್ರು. ಹತ್ತು ನಿಮಿಷಕ್ಕ ತಾನ ಇಳೀತು.

ಮರುದಿನ ಚೆಕಪ್ಪಿಗೆ ಹುಬ್ಬಳ್ಳಿಗೆ ಹೋದಾಗ ಹೊರಗ ಬೆಂಚಿನ ಮ್ಯಾಲೆ ಬಾಜೂಕ ಒಬ್ಬರು ಅಕ್ಕಾರು ಕುಂತಿದ್ರು, ರಾಣೆಬೆನ್ನೂರಿನವರು, ಮನ್ಯಾಗ ರೊಟ್ಟಿ ಬಡದು ಮಾರೋ ಕೆಲಸ. ನಾ ಬಾಟ್ಲಿ ಎತ್ತೂದು ನೋಡಿ ತಟ್ಟನ ನನ್ನ ಕೈ ಹಿಡದ್ರು. ತಂಗೀ ಹಂಗ ಕುಡೀಬ್ಯಾಡವ್ವಾ ಅಂತಂದು ತಮ್ಮ ಬ್ಯಾಗಿನ್ಯಾಗಿಂದ ಕೆಮ್ಮಿನ ಔಷಧದ ಮುಚ್ಚಳ ಒಂದು ತಗದು ಕೊಟ್ರು. ಈ ಮುಚ್ಚಳದಾಗ ಹತ್ತು ಹದಿನೈದು ಎಂಎಲ್ ಹಿಡೀತೈತಿ, ಒಂದು ಮುಚ್ಚಳ ಬಾಯಿಗೆ ಹಾಕ್ಕೋ, ನುಂಗು, ಎರಡು ಮೂರು ನಿಮಿಷ ಬಿಡು, ಮತ್ತೊಂದು ಹಾಕ್ಕೋ, ದಿನಾ ಪೂರ್ತಿ ಹಿಂಗ ಮಾಡಿದ್ರ ಸಂಜೀಕ ಒಂದೂವರಿ ಲೀಟರ್ ಆಗತೈತಿ ಅಂದ್ರು. ಅವರಿಗೆ ಆಪರೇಷನ್ ಆಗಿ ಆವಾಗ್ಗ ನಾಕು ವರ್ಷ ಆಗಿತ್ತು. ಒಳಗ ಡಾಕ್ಟರ್ ಸಣ್ಣ ಸಿಪ್ ತಗೋರಿ ಅಂತ ನನಗ ಹೇಳಿರಲಿಲ್ಲಾ ಅಂತ ಅಲ್ರಿ, ಹೇಳಿದ್ರು, ಆದ್ರ ಸಣ್ಣದು ಅಂದ್ರ ಎಷ್ಟು ಸಣ್ಣದು ಅಂತ ನನಗ ತಿಳದಿದ್ದು ಆ ಮುಚ್ಚಳ ಕೈಗೆ ಬಂದ ಮ್ಯಾಲೇನ.

ಅವತ್ತು ನನ್ನ ಪಾಳಿ ಬರೂತನಕ ಒಂದು ತಾಸು ಆ ಅಕ್ಕಾರು ನನಗ ನಮ್ಮ ಅಡಗಿಮನಿಯ ಲೆಕ್ಕದಾಗ ಎಲ್ಲಾ ಬಿಡಿಸಿ ಹೇಳಿದ್ರು. ಆಪರೇಷನ್ ಆದ ಮ್ಯಾಲೆ ಊಟ ಹಂತ ಹಂತವಾಗಿ ಶುರು ಮಾಡಬೇಕು, ಮೊದ್ಲ ನೀರಿನಂಥಾದ್ದು ಅಂದ್ರ ಸೋಸಿದ ಬ್ಯಾಳಿ ಕಟ್ಟು, ತಿಳಿ ಮಜ್ಜಿಗಿ. ಅರದದ್ದು ಅಂದ್ರ ಹೆಸರಬ್ಯಾಳಿ ಮೆತ್ತಗ ಕುದಿಸಿ ಮಿಕ್ಸರಿಗೆ ಹಾಕಿದ್ದು, ಮೊಸರು ಬಿಳಿ ಅರಿವ್ಯಾಗ ಕಟ್ಟಿ ನೀರು ಇಳಿಸಿ ಮಾಡಿದ ಚಕ್ಕಾ. ಮೆತ್ತಂದು ಅಂದ್ರ ಪನೀರ್ ಪುಡಿ ಮಾಡಿದ್ದು, ತೆಳ್ಳನ ಝುಣಕ, ಮೊಳಕಿ ಒಡದ ಮಡಕಿಕಾಳು ಹಿಸುಕಿದ್ದು. ನಮ್ಮ ಡಾಕ್ಟರ್ ದಿನಕ್ಕ ಕನಿಷ್ಠ 60 ಗ್ರಾಂ ಪ್ರೋಟೀನ್ ಅಂದಿದ್ರು, ಅದು ಸಸ್ಯಾಹಾರಿ ಮನ್ಯಾಗ ಎಲ್ಲಿಂದ ಬರಬೇಕು ಅಂತ ಈ ಅಕ್ಕಾರು ಬೆರಳು ಮಡಚಿ ಎಣಿಸಿ ತೋರಿಸಿದ್ರು, ಅಷ್ಟೂ ಊಟದಿಂದ ಬರೂದಿಲ್ಲ, ಮೊದಲಿನ ತಿಂಗಳುಗಳಾಗ ಪ್ರೋಟೀನ್ ಪುಡಿ ಬೇಕ ಬೇಕು, ಅದನ್ನ ಸಪ್ಪನ ಮಜ್ಜಿಗ್ಯಾಗ ಜೀರಗಿ ಹಾಕಿ ಕಲಿಸಿದ್ರ ಸಿಹಿ ವಾಸನಿ ಹೊಡಿಯೂದಿಲ್ಲ ಅಂತ ಅದನ್ನೂ ಹೇಳಿದ್ರು. ನಾ ಚಾಕೊಲೇಟ್ ವಾಸನಿ ಪುಡಿ ತಂದು ವಾಂತಿ ಬರ್ತೈತಿ ಅಂತ ಮೂಲ್ಯಾಗ ಒಗದಿದ್ನಿ. ಹೋಗಿ ಸಪ್ಪಂದು ತಂದ್ನಿ, ಕುಡಿಯಾಕ ಬಂತು.

ರೊಟ್ಟಿ ಬಗ್ಗೆ ಬ್ಯಾರೆ ಹೇಳಬೇಕು, ಯಾಕಂದ್ರ ನಮ್ಮ ಕಡೆ ಮಂದಿಗೆ ಆಪರೇಷನ್ ಅಂದಕೂಡಲೆ ಮೊದ್ಲ ಬರೂ ಪ್ರಶ್ನೆ ರೊಟ್ಟಿ ತಿನ್ನಾಕ ಬರತೈತೋ ಇಲ್ಲೋ ಅಂತ. ಆ ಹಾಳ್ಯಾಗ ರೊಟ್ಟಿ ಅನ್ನೋ ಶಬ್ದ ಸೈತ ಇರಲಿಲ್ಲ. ಅಕ್ಕಾರು ಹೇಳಿದ್ದು ಇಷ್ಟು, ಎರಡು ತಿಂಗಳು ಆಗೂಮಟ ರೊಟ್ಟಿ ಕಡೆ ನೋಡಬ್ಯಾಡ, ಆಮ್ಯಾಲೆ ಡಾಕ್ಟರ್ ಹೂಂ ಅಂದ ದಿನ ಬಿಸಿ ರೊಟ್ಟಿಯ ಮ್ಯಾಲಿನ ತೆಳು ಪದರ ಬಿಡಿಸಿ ಎರಡು ಬೆರಳಿನಷ್ಟು ಹರದು ಬ್ಯಾಳಿಯಾಗ ನೆನಿಸಿ ತಿನ್ನು, ಕಟಕ್ ರೊಟ್ಟಿ ಭಾಳ ದಿನ ಬ್ಯಾಡ. ಎಲ್ಲಕ್ಕಿಂತ ದೊಡ್ಡದು, ಪಲ್ಯ ಮತ್ತ ಬ್ಯಾಳಿ ಮೊದ್ಲ, ರೊಟ್ಟಿ ಕಡೀಕ. ನಾವು ಹುಟ್ಟಿದಾಗಿಂದ ರೊಟ್ಟಿ ಮುರದು ಅದಕ್ಕ ಪಲ್ಯ ಹಚ್ಕೊಂಡು ತಿಂದವರು. ಈಗಿನ ಹೊಟ್ಟಿ ನಾಕೈದು ತುತ್ತಿಗೆ ತುಂಬತೈತಿ, ಆ ನಾಕೈದು ತುತ್ತು ರೊಟ್ಟಿನ ಆದ್ರ ಪ್ರೋಟೀನಿಗೆ ಜಾಗ ಇರೂದಿಲ್ಲ. ಇಷ್ಟು ಸಣ್ಣ ಮಾತು ಯಾರೂ ನನಗ ಹಿಂಗ ಹೇಳಿರಲಿಲ್ಲ.

ಆ ಅಕ್ಕಾರ ಮೂಲಕ ಇನ್ನೊಬ್ಬರ ಪರಿಚಯ ಆತು, ಹಾವೇರಿ ಕಡೆಯ ರಿಟೈರ್ಡ್ ಬಸ್ ಕಂಡಕ್ಟರ್, ನಾವೆಲ್ಲಾ ಅವರಿಗೆ ಅಣ್ಣಾರು ಅಂತೀವಿ. ಅವರದು ಸ್ಲೀವ್ ಅಲ್ಲ, ಬೈಪಾಸ್, ಹೊಟ್ಟಿ ಮ್ಯಾಲಿನ ಕಡೆ 30 ಎಂಎಲ್ ಹಿಡಿಯೋವಷ್ಟು ಸಣ್ಣ ಚೀಲ ಮಾಡಿ ಕರುಳಿಗೆ ನೇರ ಜೋಡಸ್ತಾರ. ಊಟದ ಜೋಡಿ ನೀರು ಕುಡೀಬಾರದು, ಅರ್ಧ ತಾಸು ಬಿಟ್ಟು ಕುಡೀಬೇಕು ಅನ್ನೂದನ್ನ ಅವರು ಹೇಳೂದು ಹಿಂಗ, ಊಟ ಒಂದು ಸ್ಟಾಪಿನ್ಯಾಗ ಹತ್ತಬೇಕು, ನೀರು ಮುಂದಿನ ಸ್ಟಾಪಿನ್ಯಾಗ ಹತ್ತಬೇಕು, ಎರಡೂ ಒಂದ ಸ್ಟಾಪಿನ್ಯಾಗ ನುಗ್ಗಿದ್ರ ಗದ್ಲ ಆಗತೈತಿ. ನಾ ಹೊಸಬರಿಗೆ ಇದನ್ನ ಹೇಳ್ತೀನಿ, ಒಬ್ಬರೂ ಮರ್ತಿಲ್ಲ.

ಅಣ್ಣಾರು ಆಪರೇಷನ್ ಆದ ಮೊದಲ ವರ್ಷ ಮಗಳ ನಿಶ್ಚಿತಾರ್ಥದಾಗ ಖುಷಿಗೆ ಎರಡು ಧಾರವಾಡ ಪೇಡೆ ತಿಂದಿದ್ರಂತ. ಇಪ್ಪತ್ತು ನಿಮಿಷಕ್ಕ ಮೈಯೆಲ್ಲಾ ಬೆವತು, ಎದಿ ಡವಡವ, ಕಣ್ಣಿಗೆ ಕತ್ತಲಿ, ಬೀಗರ ಮನ್ಯಾಗ ಚಾಪಿ ಮ್ಯಾಲೆ ಮಲಗಿಸಿದ್ರು. ಸಕ್ರಿ ಅಂಥಾದ್ದು ಒಮ್ಮೆಲೆ ಕರುಳಿಗೆ ಇಳದಾಗ ಹಿಂಗ ಆಗತೈತಿ, ಅದಕ್ಕ ಡಂಪಿಂಗ್ ಅಂತಾರ, ಬೈಪಾಸ್ ಆದವರಿಗೆ ಜಾಸ್ತಿ. ಡಂಪಿಂಗ್ ಅಂತ ಹಾಳ್ಯಾಗ ಓದೂದಕ್ಕೂ ಆ ಚಾಪಿ ಕಥಿ ಅವರ ಬಾಯಿಂದ ಕೇಳೂದಕ್ಕೂ ಭಾಳ ಫರಕ್ ಐತ್ರಿ. ಅವರ ಪಾಕೀಟಿನ್ಯಾಗ ಕನ್ನಡದಾಗ ಬರದ ಒಂದು ಚೀಟಿ ಇರತೈತಿ, ನನಗ ಗ್ಯಾಸ್ಟ್ರಿಕ್ ಬೈಪಾಸ್ ಆಗೈತಿ, ಐಬುಪ್ರೊಫೆನ್, ಡೈಕ್ಲೊಫಿನಾಕ್ ಅಂಥಾ ನೋವಿನ ಗುಳಿಗಿ ಕೊಡಬ್ಯಾಡ್ರಿ, ಹುಣ್ಣು ಆಗತೈತಿ ಅಂತ. ನಮ್ಮ ಕಡೆ ಮೊಣಕಾಲು ನೋವು ಅಂತ ಮೆಡಿಕಲ್ ಶಾಪಿಗೆ ಹೋದ್ರ ಕೇಳದನ ಅದ ಗುಳಿಗಿ ಕೊಡ್ತಾರ, ಅದಕ್ಕ ಆ ಚೀಟಿ.

ಮೂರನೇ ವಾರ ನನ್ನ ತೂಕದ ಕಾಟಾ ಒಂದ ಕಡೆ ನಿಂತುಬಿಡ್ತು. ಹದಿನೈದು ದಿನ ನೂರು ಗ್ರಾಂ ಸೈತ ಇಳೀಲಿಲ್ಲ. ಇಷ್ಟು ಖರ್ಚು ಮಾಡಿ, ಇಷ್ಟು ಕೊಯ್ಸ್ಕೊಂಡು ನನ್ನ ಮೈ ಒಂದ ಹಿಂಗ ಅಂತ ರಾತ್ರಿ ಬಾತ್‌ರೂಮಿನ್ಯಾಗ ಅಳ್ತಿದ್ನಿ, ಮನಿಯವರಿಗೆ ಹೇಳಾಕ ನಾಚಿಗಿ. ಅಕ್ಕಾರಿಗೆ ಫೋನ್ ಹಚ್ಚಿದ್ರ, ನನಗ 17 ದಿನ ನಿಂತಿತ್ತು, ಅಣ್ಣಾರಿಗೆ ಮೂರು ವಾರ, ಎಲ್ಲಾರಿಗೂ ನಿಲ್ಲತೈತಿ, ಕಾಟಾ ಅಟ್ಟದ ಮ್ಯಾಲೆ ಇಟ್ಟು ನೀರು ಪ್ರೋಟೀನ್ ಅಷ್ಟ ನೋಡು ಅಂದ್ರು. ನಾಕನೇ ತಿಂಗಳು ಕೂದಲು ಉದುರಾಕ ಹತ್ತಿದಾಗಲೂ ಹಂಗ, ಬಾಚಣಿಕಿ ತುಂಬ ಕೂದಲು ನೋಡಿ ಅತ್ತಿ ಎಣ್ಣಿ ಬದಲ್ ಮಾಡು ಅಂದ್ರು, ಅಕ್ಕಾರು ಎಣ್ಣಿಂದಲ್ಲ ತಂಗಿ, ಮೈಗೆ ಧಕ್ಕಿ ಆದಾಗ ಮೂರನೇ ತಿಂಗಳಿಂದ ಆರನೇ ತಿಂಗಳೊಳಗ ಹಿಂಗ ಉದುರ್ತಾವ, ಮತ್ತ ಬರ್ತಾವ, ಆದ್ರೂ ಕಬ್ಬಿಣದ ಅಂಶ ಟೆಸ್ಟ್ ಮಾಡಸು ಅಂದ್ರು. ಟೆಸ್ಟಿನ್ಯಾಗ ಕಬ್ಬಿಣ ಕಮ್ಮಿ ಇತ್ತು. ಡಾಕ್ಟರ್ ಗುಳಿಗಿ ಬರದು ಕೊಟ್ರು, ಕ್ಯಾಲ್ಸಿಯಂ ಗುಳಿಗಿಗೂ ಇದಕ್ಕೂ ಎರಡು ತಾಸು ಅಂತರ ಇರಬೇಕು ಅಂದ್ರು, ಹತ್ತು ಹನ್ನೊಂದು ತಿಂಗಳಿಗೆ ಹಣಿ ಮ್ಯಾಲೆ ಸಣ್ಣ ಸಣ್ಣ ಕೂದಲು ಬಂದ್ವು.

ಹಂಗಂತ ಅನುಭವಸ್ಥರು ಹೇಳಿದ್ದೆಲ್ಲಾ ವೇದ ಅಲ್ಲ, ಇದನ್ನ ನಾ ನನ್ನ ಮೈಮ್ಯಾಲೆ ಕಲ್ತೀನಿ. ಒಂದು ವರ್ಷ ಆದಾಗ ಪರಿಚಯದ ಇನ್ನೊಬ್ಬರು, ಅವರೂ ಆಪರೇಷನ್ ಆದವರ, ತೂಕ ಇಳೀತಲ್ಲ ಇನ್ನ ಯಾಕ ಆ ವಿಟಮಿನ್ ಗುಳಿಗಿ, ನಾ ಬಿಟ್ಟು ಎಂಟು ತಿಂಗಳಾತು ಏನೂ ಆಗಿಲ್ಲ ಅಂದ್ರು. ನನಗೂ ಗುಳಿಗಿ ನುಂಗಿ ಬ್ಯಾಸರ ಆಗಿತ್ತು, ಬಿಟ್ನಿ. ಆರು ತಿಂಗಳಿಗೆ ಪಾದ ಉರಿ, ಬೆರಳು ಜುಮು ಜುಮು, ಮೂರನೇ ಪಿರಿಯಡ್ಡಿಗೆ ಕುರ್ಚಿ ಹಿಡದು ನಿಲ್ಲೂವಷ್ಟು ಸುಸ್ತು. ಬಿ12 ಮತ್ತ ವಿಟಮಿನ್ ಡಿ ಎರಡೂ ತಳಕ್ಕ ಹೋಗಿದ್ವು, ಇಂಜೆಕ್ಷನ್ ತಗೋಬೇಕಾತು. ಬಿ12 ಲಿವರಿನ್ಯಾಗ ಭಾಳ ದಿನಕ್ಕ ಆಗೋವಷ್ಟು ಕೂಡಿಟ್ಟಿರತೈತಿ, ಅದಕ್ಕ ಬಿಟ್ಟ ಕೂಡಲೆ ಏನೂ ಗೊತ್ತಾಗೂದಿಲ್ಲ, ಖಾಲಿ ಆದ ಮ್ಯಾಲೆ ತೋರಸ್ತೈತಿ, ಆ ಎಂಟು ತಿಂಗಳು ಏನೂ ಆಗಿಲ್ಲ ಅನ್ನೋ ಮಾತಿನ ಹಿಂದ ಇದ್ದಿದ್ದು ಅದ. ಈ ಗುಳಿಗಿ, ವರ್ಷಾ ರಕ್ತ ಪರೀಕ್ಷೆ, ಎರಡೂ ಜೀವ ಇರೂತನಕ.

ಖರೆ ಅನುಭವಸ್ಥರು ಯಾರು ಅಂತ ನಾ ಈಗ ಹಿಂಗ ಗುರ್ತು ಹಿಡೀತೀನಿ, ಎಲ್ಲಿ ತಾವು ಸುಮ್ಮನಾಗಬೇಕು ಅಂತ ಅವರಿಗೆ ಗೊತ್ತಿರತೈತಿ. ಆಪರೇಷನ್ ಆದ ಮ್ಯಾಲೆ ನನ್ನ ಶುಗರ್ ಬಡಬಡ ಇಳದು ಒಮ್ಮೆ ಕೈ ನಡುಗಿದಾಗ ಅಕ್ಕಾರು ಗುಳಿಗಿ ಅರ್ಧ ಮಾಡು ಅಂತ ಹೇಳಲಿಲ್ಲ, ಮಿಷಿನ್ನಿನ್ಯಾಗ ಶುಗರ್ ನೋಡಿ ಈಗಿಂದೀಗ ಡಾಕ್ಟರಿಗೆ ಫೋನ್ ಹಚ್ಚು ಅಂದ್ರು. ನವಲಗುಂದ ಕಡೆಯ ಒಬ್ಬ ಹುಡುಗ ಆಪರೇಷನ್ ಆಗಿ ಹನ್ನೆರಡು ದಿನದಿಂದ ದಿನಾ ವಾಂತಿ ಮಾಡ್ಕೋತಿದ್ದ, ಎಲ್ಲಾರಿಗೂ ಹಿಂಗ ಆಗತೈತಿ ಅಂತ ಮನ್ಯಾಗ ಕುಂತಿದ್ದ. ಅಣ್ಣಾರಿಗೆ ಫೋನಿನ್ಯಾಗ ಗೊತ್ತಾದ ಕೂಡಲೆ, ನಡೀವಾಗ ತೂಗಾಡ್ತಿ ಏನು, ಕಣ್ಣು ಎರಡೆರಡು ಕಾಣ್ತಾವೇನು ಅಂತ ಕೇಳಿ, ಅವ ಹೌದು ಅಂದಕೂಡಲೆ ಅವರಪ್ಪಗ ಫೋನ್ ಕೊಡಿಸಿ ರಾತ್ರಿ ಹತ್ತಕ್ಕ ಗಾಡಿ ಮಾಡಿಸಿ ಹುಬ್ಬಳ್ಳಿಗೆ ಕಳಿಸಿದ್ರು. ಬಿ1 ಅಂದ್ರ ಥಯಮಿನ್ ಮೈಯಾಗ ಎರಡು ಮೂರು ವಾರಕ್ಕ ಆಗೋವಷ್ಟ ಇರತೈತಂತ, ವಾಂತಿ ನಿಲ್ಲದಿದ್ರ ಅದು ಖಾಲಿ ಆಗಿ ಮಿದುಳಿಗೆ ಪೆಟ್ಟು ಬೀಳತೈತಿ, ಬರೇ ಗ್ಲೂಕೋಸ್ ಬಾಟ್ಲಿ ಏರಿಸಿದ್ರ ಇನ್ನೂ ಕೆಡತೈತಿ, ಮೊದ್ಲ ಬಿ1 ಕೊಡಬೇಕು. ಹುಡುಗ ಉಳದ, ಈಗ ಆರಾಮ್ ಅದಾನ. ಇದನ್ನ ಓದಾಕತ್ತವರಿಗೆ ಕೈ ಮುಗದು ಹೇಳ್ತೀನಿ, ಆಪರೇಷನ್ ಆದ ಮೊದಲ ದಿನಗಳಾಗ ನಿಲ್ಲದ ವಾಂತಿ, ಜ್ವರ, ಜೋರು ಹೊಟ್ಟಿ ನೋವು, ಕುಂತಲ್ಲೆ ಎದಿ ಬಡತ ನಿಮಿಷಕ್ಕ 120 ದಾಟೂದು, ಇವಕ್ಕ ಯಾವ ಅಕ್ಕನ ಸಲಹೆನೂ ಬ್ಯಾಡ, ದವಾಖಾನಿಗೆ ಹೋಗ್ರಿ.

ಎರಡು ವರ್ಷ ಆದ ಮ್ಯಾಲಿನ ಕಾಲ ಬ್ಯಾರೆ. ಮೊದ್ಲು ಹಸಿವಿನ ಹಾರ್ಮೋನು ಗ್ರೆಲಿನ್ ತಯಾರಾಗೋ ಭಾಗಾನ ತಗದಿರ್ತಾರ ಅಂತ ಹಸಿವಿ ಅನ್ನೂದ ಇರೂದಿಲ್ಲ, ಬರಬರ್ತಾ ಹಸಿವಿ ತಿರುಗಿ ಬರತೈತಿ. ಸಾಲಿಂದ ಬಂದು ದಣದು ಕುಂತಾಗ ಒಂದು ಪ್ಲೇಟ್ ಗಿರಮಿಟ್ಟು, ಸಕ್ರಿ ಹಾಕಿದ ಚಾ, ಎರಡು ಬಿಸ್ಕೀಟು. ಪನೀರ್ ನಾಕು ತುಂಡಿಗೆ ಹೊಟ್ಟಿ ತುಂಬತೈತಿ, ಗಿರಮಿಟ್ಟು ಬಿಸ್ಕೀಟು ಹಂಗಲ್ಲ, ನಿಲ್ಲದನ ಜಾರಿ ಕೆಳಗ ಹೋಗತಾವ, ಎಷ್ಟರ ತಿನ್ನಾಕ ಬರತೈತಿ. ನನಗ ನಾಕು ಕೆಜಿ ತಿರುಗಿ ಬಂದ್ವು. ಡಾಕ್ಟರ್ ಮುಂದ ಹೋಗಿ ನಿಲ್ಲಾಕ ಧೈರ್ಯ ಆಗಲಿಲ್ಲ, ಹೋಮ್‌ವರ್ಕ್ ಮಾಡದ ಹುಡುಗರು ನನ್ನ ಕ್ಲಾಸಿಗೆ ಯಾಕ ಚಕ್ಕರ್ ಹೊಡೀತಾರ ಅಂತ ಅವತ್ತು ತಿಳೀತು, ಎರಡು ಚೆಕಪ್ ತಪ್ಪಿಸಿದ್ನಿ. ಅಕ್ಕಾರ ಮುಂದ ಮಾತ್ರ ಹೇಳಿದ್ನಿ, ಯಾಕಂದ್ರ ಅವರು ಮೊದ್ಲ ತಮಗ ಏಳು ಕೆಜಿ ಬಂದಿದ್ದು ಹೇಳ್ಕೊಂಡಿದ್ರು. ಅವರ ನನ್ನ ಕೈ ಹಿಡದು ಡಾಕ್ಟರ್ ಹತ್ರ ಕರ್ಕೊಂಡು ಹೋದ್ರು. ಚಾಕ್ಕ ಸಕ್ರಿ ಬಿಟ್ನಿ, ಸಾಲಿಗೆ ಹುರಿದ ಕಡ್ಲಿ ಡಬ್ಬಿ ಒಯ್ಯಾಕ ಹತ್ತಿದ್ನಿ, ಬಂದ ನಾಕು ಕೆಜಿಯಾಗ ಮೂರು ಹೋದ್ವು. ಆಪರೇಷನ್ ಆದವರು ಕೂಡಿ ಮಾತಾಡೋ ಕೂಟಕ್ಕ ಬಿಡದ ಹೋಗೋರು ತೂಕ ಚಲೋ ಕಾಯ್ಕೊಂತಾರ ಅಂತ ಅಧ್ಯಯನಗಳೂ ಹೇಳ್ತಾವ, ಮೊದ್ಲ ಶಿಸ್ತು ಇದ್ದವರ ಕೂಟಕ್ಕ ಹೋಗ್ತಾರ ಅಂತ ಒಬ್ಬರು ವಾದ ಮಾಡಬಹುದು, ಅದ್ರಾಗೂ ಅರ್ಥ ಐತಿ, ಆದ್ರ ಶಿಸ್ತು ತಪ್ಪಿದ ನನ್ನನ್ನ ದಾರಿಗೆ ತಂದವರು ಇವರು.

ಮಂದಿ ಮಾತು ತಡಕೊಳ್ಳೂದೂ ಒಂದು ವಿದ್ಯಾನ. ಲಗ್ನದಾಗ ಇನ್ನೊಂದು ಹೋಳಿಗಿ ಹಾಕ್ಕೋರಿ ಅಂತ ಮೈಮ್ಯಾಲೆ ಬರೋರು, ಇಷ್ಟ್ಯಾಕ ಸೊರಗೀರಿ ಏನು ರೋಗ ಅಂತ ಕೇಳೋರು, ಆಪರೇಷನ್ ಮಾಡಿಸ್ಕೊಂಡು ಇಳಿಸಿದ್ದು ಏನು ಮಹಾ ಅನ್ನೋರು. ಊಟದ ಪಂಕ್ತ್ಯಾಗ ಸಣ್ಣ ಹುಡುಗರ ಬಾಜೂಕ ಕೂಡು, ಬಡಸೋರಿಗೆ ಎರಡೂ ಕೈ ಅಡ್ಡ ಹಿಡದು ಡಾಕ್ಟರ್ ಬ್ಯಾಡ ಅಂದಾರ ಅಂತ ಒಂದ ಮಾತು ಹೇಳು, ಕಥಿ ಹೇಳಾಕ ಹೋಗಬ್ಯಾಡ ಅಂತ ಅಕ್ಕಾರು ಕಲಿಸಿದ್ರು.

ಈಗ ನಾವು ಆರೇಳು ಮಂದಿ ತಿಂಗಳಿಗೊಮ್ಮೆ ರವಿವಾರ ಹುಬ್ಬಳ್ಳಿ ತೋಳನಕೆರಿ ಪಾರ್ಕಿನ್ಯಾಗ ಕೂಡ್ತೀವಿ. ಒಂದು ಸುತ್ತು ಅಡ್ಡಾಡಿ, ನೆರಳಿಗೆ ಕುಂತು, ಅವರವರ ಡಬ್ಬಿ ಬಿಚ್ಚಿ, ರಿಪೋರ್ಟ್ ತೋರಿಸ್ಕೊಂಡು ಮಾತಾಡ್ತೀವಿ. ಇದು ನಮ್ಮ ಪುಣ್ಯಾಕ್ಕ ಆದದ್ದು. ಅವತ್ತು ಆ ಬೆಂಚಿನ ಮ್ಯಾಲೆ ಅಕ್ಕಾರು ಕುಂತಿರದಿದ್ರ ನನಗ ಇದ್ಯಾವುದೂ ಸಿಗ್ತಿರಲಿಲ್ಲ, ಬೆಂಚಿನ ಮ್ಯಾಲೆ ಯಾರೂ ಕುಂತಿರದ ಪೇಶಂಟುಗಳು ಎಷ್ಟು ಮಂದಿ ಅದಾರೋ ಅಂತ ನನಗ ರಾತ್ರಿ ನಿದ್ದಿ ಬರೂದಿಲ್ಲ.

ಅದಕ್ಕ ಹುಬ್ಬಳ್ಳಿ-ಧಾರವಾಡದಾಗ ಈ ಆಪರೇಷನ್ ಮಾಡೋ ಎಲ್ಲಾ ದವಾಖಾನಿಯವರಿಗೆ ನಿಮ್ಮ ಪೇಪರ್ ಮೂಲಕ ಕೇಳ್ಕೋತೀನಿ. ಆಪರೇಷನ್ನಿಗೆ ದಿನ ಗೊತ್ತು ಮಾಡೂದಕ್ಕಿಂತ ಮೊದ್ಲ ಆ ಪೇಶಂಟಿಗೆ ಕನಿಷ್ಠ ಎರಡು ವರ್ಷ ಹಳಬರಾದ ಒಬ್ಬರನ್ನ, ಅವರ ಒಪ್ಪಿಗಿ ತಗೊಂಡು, ಭೇಟಿ ಮಾಡಸ್ರಿ, ಡಾಕ್ಟರ್ ಎದುರಿಗಲ್ಲ, ಇಬ್ಬರನ್ನೇ ಬಿಟ್ಟು. ಡಿಸ್ಚಾರ್ಜ್ ಮಾಡೂ ದಿನ ಇನ್ನೊಮ್ಮೆ. ತಿಂಗಳಿಗೊಂದು ರವಿವಾರ ಒಂದು ಖೋಲಿ ಬಿಟ್ಟುಕೊಡ್ರಿ, ಡಯಟಿಶಿಯನ್ ಒಬ್ಬರು ಕೂಡ್ಲಿ, ನಮ್ಮ ಮಾತಿನ್ಯಾಗ ತಪ್ಪಿದ್ರ ಅಲ್ಲೇ ತಿದ್ದಲಿ, ನಾ ಗುಳಿಗಿ ಬಿಟ್ಟಂಗ ಇನ್ನೊಬ್ಬರು ಬಿಡಬಾರದು. ರವಿವಾರ ಯಾಕಂದ್ರ ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ಹಾವೇರಿ ಕಡೆಯವರಿಗೆ ಇನ್ನೂ ದೂರ, ಕೆಲಸದ ದಿನ ಬರಾಕ ಆಗೂದಿಲ್ಲ. ಮನಿಯವರನ್ನೂ ಕರೀರಿ, ಅಡಗಿ ಮಾಡೋರು ಅತ್ತಿ ಇರ್ತಾರ, ಗಂಡ ಇರ್ತಾನ, ಅವರಿಗೆ ಗೊತ್ತಿಲ್ಲದಿದ್ರ ಏನೂ ನಡಿಯೂದಿಲ್ಲ. ಆ ಇಂಗ್ಲಿಷ್ ಹಾಳಿ ತಗದು ಬ್ಯಾಳಿ ಕಟ್ಟು, ಝುಣಕ, ರೊಟ್ಟಿ ಇರೋ ಕನ್ನಡದ ಹಾಳಿ ಮಾಡ್ರಿ, ಬೇಕಾದ್ರ ನಾವ ಕುಂತು ಬರದು ಕೊಡ್ತೀವಿ, ನೀವು ತಿದ್ರಿ, ನಮಗ ರೊಕ್ಕ ಬ್ಯಾಡ.

ಒಂದು ಮಾತು ಮಾತ್ರ ನೆಟ್ಟಗ ಹೇಳ್ತೀನಿ, ನಮ್ಮನ್ನ ಜಾಹೀರಾತಿಗೆ ಕರೀಬ್ಯಾಡ್ರಿ. ಮೊದ್ಲು ಹಿಂಗಿದ್ರು ಈಗ ಹಿಂಗ್ಯಾಗ್ಯಾರ ಅಂತ ಎರಡು ಫೋಟೋ ಬೋರ್ಡಿನ ಮ್ಯಾಲೆ ಹಾಕಿದ್ರ ನಡುವಿನ ಬುರುಗು ಜೊಲ್ಲು, ಉದುರಿದ ಕೂದಲು, ನಿಂತ ಕಾಟಾ ಯಾವುದೂ ಕಾಣೂದಿಲ್ಲ, ಹೊಸಬರಿಗೆ ಬೇಕಾಗಿದ್ದು ಅದ ನಡುವಿಂದು. ಖರ್ಚು ಮಾಡೂ ಶಕ್ತಿ ಇಲ್ಲದವರ ವಿಷಯ ಇನ್ನೂ ಕಷ್ಟ ಐತಿ. ಇನ್ಶೂರೆನ್ಸ್ ನಿಯಮದಾಗ ಬಿಎಂಐ 40 ಇರಬೇಕು, ಇಲ್ಲಾ 35ರ ಮ್ಯಾಲಿದ್ದು ಹಿಡಿತಕ್ಕ ಬರದ ಶುಗರ್ ಅಥವಾ ನಿದ್ದ್ಯಾಗ ಉಸಿರು ಕಟ್ಟೂ ಜೋರು ತ್ರಾಸ ಅಂಥಾ ಬ್ಯಾನಿ ಇರಬೇಕು ಅಂತ ಐತಿ, ಆ ಕಾಗದಪತ್ರ ಹೆಂಗ ಹೊಂದಿಸ್ಕೋಬೇಕು ಅಂತ ಹೇಳಿಕೊಟ್ಟವರೂ ಮೊದ್ಲ ಓಡಾಡಿದ ಪೇಶಂಟುಗಳ. ಹುಬ್ಬಳ್ಳಿ ಕೆಎಂಸಿಆರ್‌ಐ (ಮೊದ್ಲಿನ ಕಿಮ್ಸ್), ಗದಗ ಜಿಮ್ಸ್ ಅಂಥಾ ಸರ್ಕಾರಿ ದವಾಖಾನಿಯವರು ಆಪರೇಷನ್ ಎಲ್ಲೇ ಆಗಿರಲಿ, ನಂತರದ ಇಂಥಾ ಕೂಟಕ್ಕ ತಿಂಗಳಿಗೊಮ್ಮೆ ಜಾಗ ಕೊಟ್ರ ಬಡವರಿಗೂ ಬರಾಕ ದಾರಿ ಆಗತೈತಿ.

ಹೋದ ರವಿವಾರ ಪಾರ್ಕಿಗೆ ಹಾನಗಲ್ಲ ಕಡೆಯ ಒಬ್ಬ ಹುಡುಗಿ ಬಂದಿದ್ಳು, 27 ವರ್ಷ, ಲಗ್ನ ಆಗಿ ಎರಡು ವರ್ಷ, ಆಪರೇಷನ್ ಮುಂದಿನ ತಿಂಗಳು. ಆಕಿ ಅತ್ತಿ ವರ್ಷದೊಳಗ ಮೊಮ್ಮಗು ಬೇಕು ಅಂತಾರಂತ. 12 ರಿಂದ 18 ತಿಂಗಳು ಬಸುರಿ ಆಗಬಾರದು ಅಂತ ಡಾಕ್ಟರ್ ಹೇಳಿದ್ದನ್ನ ಮನ್ಯಾಗ ಹೇಳಾಕ ಆಕಿಗೆ ಧೈರ್ಯ ಇರಲಿಲ್ಲ. ಮುಂದಿನ ಸಲ ಅತ್ತೀನ ಕರ್ಕೊಂಡು ಬಾ, ಅವರ ಜೋಡಿ ನಾ ಮಾತಾಡ್ತೀನಿ ಅಂತ ರಾಣೆಬೆನ್ನೂರ ಅಕ್ಕಾರು ಹೇಳ್ಯಾರ. ಹೋಗೂ ಮುಂದ ಆ ಹುಡುಗಿಗೆ ನನ್ನ ಬ್ಯಾಗಿನ್ಯಾಗಿನ ಔಷಧದ ಮುಚ್ಚಳ ಕೊಟ್ಟೀನಿ.

ಪತ್ರದ ಜೋಡಿ ನನ್ನ ಹೆಸರು ಹಾಕಬ್ಯಾಡ್ರಿ, ಸಾಲಿ ಹುಡುಗರು ಓದ್ತಾರ. ಇದನ್ನ ಓದಿ ಯಾರಾದ್ರೂ ನಿಮ್ಮ ಆಫೀಸಿಗೆ ಬರದ್ರ ದಯವಿಟ್ಟು ನನಗ ಮುಟ್ಟಸ್ರಿ, ಒಬ್ಬೊಬ್ಬರಿಗೂ ನಾನ ಉತ್ತರ ಬರೀತೀನಿ.

ಇಂತಿ,
ಒಬ್ಬ ಹೈಸ್ಕೂಲ್ ಟೀಚರ್
ಗದಗ-ಬೆಟಗೇರಿ